ದಾಖಲೆಯಲ್ಲಿರುವ ಮುಖ

ನಂದಾಳ ಕಾಗದಪತ್ರಗಳನ್ನೆಲ್ಲ ಒಂದು ಸಲ ಚಾಪೆಯ ಮೇಲೆ ಹರವಿ ನೋಡಬೇಕು ನೀವು. ರೇಷನ್ ಕಾರ್ಡಿನಲ್ಲಿ ಅವಳ ಕೆಳತುಟಿ ಒಡೆದಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹುಬ್ಬಿನ ಮೇಲೆ ಬಾರೆಹಣ್ಣಿನಷ್ಟು ಗುಬುಟು. ಆಧಾರ್ ಕಾರ್ಡಿನಲ್ಲಿ ಎಡಗಣ್ಣು ಅರ್ಧವೇ ತೆರೆದಿದೆ. ಏನಪ್ಪಾ ಇವಳ ಹಣೆಬರಹ ಎಂದು ನಿಟ್ಟುಸಿರು ಬಿಡಬೇಡಿ, ಹಣೆಬರಹಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಉಸಗಾಂವದ ಗುಳಿಗೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಗುತ್ತಿಗೆ ಹೆಂಗಸು ರಜೆ ಹಾಕುವುದೇ ಮುಖ ತೋರಿಸಲಾಗದಂಥ ದಿನ. ಕೆನ್ನೆ ಊದಿದ್ದರೆ, ತುಟಿ ಹರಿದಿದ್ದರೆ ಕಾರ್ಖಾನೆಯ ಮಾಸ್ಕು ಮುಚ್ಚುತ್ತದೆ. ಕಣ್ಣೇ ಮುಚ್ಚಿಹೋದರೆ ಏನು ಮಾಡುವುದು? ಅಂಥ ದಿನ ಮನೆಯಲ್ಲಿ ಕೂತು ಏನು ಉಪಯೋಗ ಅಂತ ನಂದಾ ಸೆರಗು ಮುಂದೆ ಎಳೆದುಕೊಂಡು ಫೋಂಡಾದ ಕಚೇರಿಗಳಿಗೆ ಹೋಗುತ್ತಿದ್ದಳು. ಕ್ಯಾಮೆರಾದ ಮುಂದೆ ಕೂರಿಸಿದವರು ಸೆರಗು ತೆಗೆ ಎನ್ನುತ್ತಿದ್ದರು, ಇವಳು ತೆಗೆಯುತ್ತಿದ್ದಳು. ಹೀಗಾಗಿ ಸರಕಾರಕ್ಕೆ ಗೊತ್ತಿರುವ ನಂದಾ ಎಂದರೆ ಏಟು ತಿಂದ ನಂದಾ.

ಏಟು ಕೊಡುವವನು ಅವಳ ಗಂಡ ಮಾಂತೇಶ. ಬಾಗೇವಾಡಿ ಕಡೆಯವನು, ಗೌಂಡಿ. ಗೋಡೆಗೆ ಗಿಲಾವು ಹಾಕುವುದರಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆದರೆ ಗೋಡೆಯ ಮೇಲೆ ಅಷ್ಟು ನಯವಾಗಿ ಆಡುತ್ತಿದ್ದ ಆ ಬಲಗೈ ಹೆಂಡತಿಯ ಮೇಲೆ ಮಾತ್ರ ಕೊಡಲಿಯಾಗುತ್ತಿತ್ತು. ಶನಿವಾರ ಬಟವಾಡೆ. ಬಟವಾಡೆಯಾದರೆ ಕುಡಿತ, ಕುಡಿದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಏನಾದರೊಂದು ತಕರಾರು. ಸಾರಿಗೆ ಉಪ್ಪು ಕಮ್ಮಿ, ಬಾಗಿಲು ತೆಗೆಯಲು ತಡ, ನೋಡಿದ ನೋಟ ಸರಿಯಿಲ್ಲ. ಬಲಗೈಯವನಾದ್ದರಿಂದ ಏಟು ಬೀಳುವುದು ಅವಳ ಎಡಗಡೆಗೇ. ಭಾನುವಾರ ಊದುವುದು, ಸೋಮವಾರ ಕಪ್ಪಾಗುವುದು, ಗುರುವಾರಕ್ಕೆ ಹಳದಿಗೆ ತಿರುಗುವುದು, ಶನಿವಾರಕ್ಕೆ ಹೊಸ ಏಟಿಗೆ ಜಾಗ ತಯಾರು. ಪಕ್ಕದ ಖೋಲಿಯ ದಸ್ತಗೀರಬಿ ಎಂಬ ಮುದುಕಿ ಅವಳನ್ನು ತನ್ನ ಕಡೆ ಕರೆದೊಯ್ದು ಉಪ್ಪಿನ ಗಂಟು ಕಾಯಿಸಿ ಕಾವು ಕೊಡುತ್ತಿದ್ದಳು. ಕೊಡುತ್ತ ಕೊಡುತ್ತ ಮಾಂತೇಶನ ಏಳು ತಲೆಮಾರಿಗೆ ಬೈಯುತ್ತಿದ್ದಳು. ಬೈಗುಳ ಗೋಡೆಯಾಚೆ ಮಲಗಿದವನಿಗೆ ಕೇಳಿಸುತ್ತಿತ್ತು. ಕೇಳಿಸಲಿ ಅಂತಲೇ ಅವಳು ಬೈಯುತ್ತಿದ್ದುದು.

ಇಂಥ ಮನೆಯಲ್ಲಿದ್ದುಕೊಂಡು ನಂದಾ ಡಿಗ್ರಿ ಮಾಡಲು ಹೊರಟಳು ಎಂದರೆ ಕೆಲವರಿಗೆ ನಗು ಬರಬಹುದು. ನಕ್ಕರೆ ನಗಲಿ. ಪ್ಯಾಕಿಂಗ್ ಹಾಲಿನಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಗುಳಿಗೆಯ ಪಟ್ಟಿಯನ್ನು ಬೆರಳಿನಿಂದ ಸವರಿದರೆ ಸಾಕು, ಯಾವ ಮನೆ ಖಾಲಿ ಇದೆ ಎಂದು ಹೇಳುತ್ತಿದ್ದಳು. ಮ್ಯಾನೇಜರು ಒಂದು ದಿನ ಅವಳನ್ನು ಕರೆದು ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ ಹೇಳಿದರು: ಮೂರು ವರ್ಷಕ್ಕೆ ಹಳೆಯ ಸೂಪರ್‌ವೈಸರ್ ನಿವೃತ್ತರಾಗುತ್ತಾರೆ, ಯಾವುದಾದರೊಂದು ಡಿಗ್ರಿ ಇದ್ದರೆ ಆ ಜಾಗ ನಿನ್ನದು. ಕೆಲಸ ಕಾಯಂ. ಜೊತೆಗೆ ಕಂಪನಿಯ ಕ್ವಾರ್ಟರ್ಸಿನಲ್ಲಿ ಒಂದು ಖೋಲಿ, ಅವಳ ಹೆಸರಿನಲ್ಲಿ. ಕಾಯಂ ಎಂಬ ಮಾತು ನಂದಾಳಿಗೆ ಅರ್ಧವೇ ಕೇಳಿಸಿತು. ಖೋಲಿ ಎಂಬುದು ಮಾತ್ರ ಕಿವಿಯಲ್ಲಿ ಉಳಿಯಿತು. ಈಗಿರುವ ಖೋಲಿ ಮಾಂತೇಶನ ಗುತ್ತಿಗೆದಾರ ಕೊಟ್ಟದ್ದು. ಗುತ್ತಿಗೆದಾರನೇ ಒಂದು ದಿನ ಬಂದು, ಗಂಡ ಒದ್ದರೆ ಬಾಗಿಲು ತೆಗೆದುಕೊಳ್ಳಲಿ ಅಂತ ಒಳಗಿನ ಚಿಲಕ ಕೀಳಿಸಿದ್ದ. ತನ್ನದೇ ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಒಂದು ಚಿಲಕ. ಅವಳು ಓದಲು ಕೂತದ್ದು ಅಷ್ಟಕ್ಕೆ.

ಅವಳದು ಪಿಯುಸಿ ಪಾಸಾಗಿತ್ತು. ಮೊಬೈಲಿನಲ್ಲೇ ಪಾಠ, ಮೊಬೈಲಿನಲ್ಲೇ ಪರೀಕ್ಷೆ, ಮೂರು ವರ್ಷಕ್ಕೆ ಬಿ.ಬಿ.ಎ. ಕೊಡುವ ಒಂದು ವಿಶ್ವವಿದ್ಯಾಲಯವನ್ನು ಹುಡುಕಿಕೊಂಡಳು. ಈ ಸಂಗತಿಯನ್ನು ಶನಿವಾರ ಮಾಂತೇಶನಿಗೆ ಹೇಳಿದ್ದೇ ತಪ್ಪಾಯಿತು. ಅವನು ಅವಳ ಜುಟ್ಟು ಹಿಡಿದು ಮುಖವನ್ನು ನೀರಿನ ಬ್ಯಾರಲ್ಲಿನ ಅಂಚಿಗೆ ಎರಡು ಸಲ ಬಡಿದ. ಮೂರನೆಯದಕ್ಕೆ ದಸ್ತಗೀರಬಿ ಓಡಿ ಬಂದು ಅವನ ತೋಳು ಕಚ್ಚಿದ್ದರಿಂದ ಕೈ ಬಿಟ್ಟ. ಅರ್ಜಿ ಹಾಕಲು ಸೋಮವಾರವೇ ಕೊನೆಯ ದಿನ. ಸೋಮವಾರ ನಂದಾ ರೂಢಿಯಂತೆ ರಜೆ ಹಾಕಿ, ತಿಸ್ಕದಲ್ಲಿ ಮುಜಮ್ಮಿಲ ಎಂಬವನ ಮೊಬೈಲ್ ಅಂಗಡಿಗೆ ಹೋದಳು. ಅವನೇ ಫಾರಂ ತುಂಬಿಕೊಡುವವನು, ಫೋಟೋ ತೆಗೆಯುವವನು. ಅವಳು ಸೆರಗು ತೆಗೆದಾಗ ಅವನ ಕೈ ನಿಂತುಬಿಟ್ಟಿತು.

“ಅಕ್ಕಾರ, ನಾಲ್ಕ ದಿನ ತಡೀರಿ. ಊತ ಇಳೀಲಿ.”

ನಾಲ್ಕು ದಿನ ತಡೆದರೆ ಇನ್ನೊಂದು ವರ್ಷ ಕಾಯಬೇಕು ಎಂದಳು. ಅವನು ಫೋಟೋ ತೆಗೆದ. ಆ ಫೋಟೋವನ್ನು ಆ ಕಡೆ ಯಾರಾದರೊಬ್ಬ ಮನುಷ್ಯ ನೋಡಿದ್ದರೆ, ಏನಮ್ಮಾ ಇದು, ಯಾರು ಹೀಗೆ ಮಾಡಿದರು ಅಂತ ಒಂದು ಮಾತು ಕೇಳುತ್ತಿದ್ದನೇನೋ. ನೋಡಿದ್ದು ಯಂತ್ರ. ಒಂದು ಮುಖ ಇದೆ, ಹಿನ್ನೆಲೆ ಬಿಳಿ ಇದೆ, ಸರಿ ಅಂದಿತು. ನಂದಾ ವಿದ್ಯಾರ್ಥಿನಿಯಾದಳು.

ಪರೀಕ್ಷೆಗಳು ಯಾವಾಗಲೂ ಭಾನುವಾರ ಬೆಳಿಗ್ಗೆ. ಕೆಲಸ ಮಾಡುವವರಿಗೆ ಅನುಕೂಲವಾಗಲಿ ಅಂತ. ನಿಯಮಗಳು ಬಿಗಿ. ಮೊದಲು ಮೊಬೈಲಿನ ಮುಂದೆ ಮುಖ ಹಿಡಿಯಬೇಕು, ಅದು ಅರ್ಜಿಯ ಫೋಟೋಗೆ ಹೊಂದಬೇಕು, ಆಮೇಲೆಯೇ ಪ್ರಶ್ನೆಪತ್ರಿಕೆ ತೆರೆಯುವುದು. ಮೂರು ಸಲ ಹೊಂದದಿದ್ದರೆ ಬಾಗಿಲು ಮುಚ್ಚಿತು, ಇನ್ನು ಆರು ತಿಂಗಳು ಕಾಯಬೇಕು. ಕ್ಯಾಮೆರಾದಲ್ಲಿ ಇನ್ನೊಬ್ಬರ ಮುಖ ಕಂಡರೂ ಪರೀಕ್ಷೆ ರದ್ದು. ಐದು ಸೆಮಿಸ್ಟರು ನಂದಾ ಹೀಗೆ ಬರೆದಳು. ಅವಳ ಮುಖ ಪ್ರತಿ ಸಲ ಸಲೀಸಾಗಿ ಹೊಂದಿತು. ಹೊಂದದೆ ಏನು ಮಾಡೀತು! ಶನಿವಾರ ಸಂಜೆ ಮಾಂತೇಶ ತಪ್ಪದೆ ತನ್ನ ಕೆಲಸ ಮಾಡಿಟ್ಟಿರುತ್ತಿದ್ದ. ಒಂದು ಸಲ ಅವಳು ಬರೆದಿಟ್ಟ ನೋಟ್ಸನ್ನು ಒಲೆಗೆ ತುಂಬಿ, ಅದನ್ನು ಎಳೆಯಲು ಹೋದವಳ ಮುಖಕ್ಕೆ ಮೊಣಕಾಲಿನಿಂದ ಗುದ್ದಿದ್ದ. ಮರುದಿನ ಅವಳು ಒಂದೇ ಕಣ್ಣಿನಲ್ಲಿ ಪತ್ರಿಕೆ ಓದಿ, ಸುಟ್ಟ ನೋಟ್ಸನ್ನು ನೆನಪಿನಿಂದ ಬರೆದು, ಶೇಕಡಾ ಅರವತ್ತೆಂಟು ತೆಗೆದಳು. ಹಠ ಎಂದರೆ ಅಂಥ ಹಠ.

ಇದೆಲ್ಲ ನಿಂತದ್ದು ಜನವರಿಯ ಒಂದು ಶನಿವಾರ. ನಂದಾ ಒಲೆಯ ಮುಂದೆ ಕೂತು ಚಪಾತಿ ಲಟ್ಟಿಸುತ್ತಿದ್ದಳು, ಪಕ್ಕದಲ್ಲಿ ಮೊಬೈಲು ಪಾಠ ಹೇಳುತ್ತಿತ್ತು. ಮಾಂತೇಶ ಬಂದವನೇ ಮೊಬೈಲು ಎತ್ತಿಕೊಂಡು, ಇದೇ ನನ್ನ ಸವತಿ ಎಂದು ಹಲ್ಲು ಕಿರಿದ. ಗಂಡಸಿಗೆಲ್ಲಿಯ ಸವತಿ ಎಂದು ಕೇಳುವ ಹೊತ್ತು ಅದಾಗಿರಲಿಲ್ಲ. ಅವನು ಅದನ್ನು ಕಲ್ಲಿಗೆ ಅಪ್ಪಳಿಸಲು ಕೈ ಎತ್ತಿದ. ಅದರಲ್ಲಿ ಅವಳ ಎರಡೂವರೆ ವರ್ಷ ಇತ್ತು. ತನ್ನ ಮೇಲೆ ಎಷ್ಟು ಸಲ ಎತ್ತಿದ್ದನೋ ಆ ಕೈಯನ್ನು, ಆಗೆಲ್ಲ ಸುಮ್ಮನಿದ್ದವಳು ಈಗ ಎದ್ದಳು. ಲಟ್ಟಣಿಗೆ ಬೀಸಿದಳು. ಅವನ ಮಣಿಕಟ್ಟಿನ ಎಲುಬು ಒಣಗಿದ ಬೊಂಬಿನ ಹಾಗೆ ಲಟಕ್ಕೆಂದಿತು. ಮೊಬೈಲು ಹಿಟ್ಟಿನ ಪರಾತದಲ್ಲಿ ಬಿತ್ತು. ಅವನು ಬಾಗಿದ. ಅವಳು ಮತ್ತೆ ಅದೇ ಜಾಗಕ್ಕೆ ಬಾರಿಸಿದಳು. ಮೂರನೆಯದನ್ನು ಭುಜಕ್ಕೆ, ನಾಲ್ಕನೆಯದನ್ನು ಎಲ್ಲಿಗೋ. ಅವನು ಗೋಡೆಗೆ ಒರಗಿ ಕೂತು, ಸಾಕು ಸಾಕು ಎಂದು ಅತ್ತ ಮೇಲೆ ಲಟ್ಟಣಿಗೆ ಕೆಳಗಿಟ್ಟು ಉಳಿದ ಚಪಾತಿ ಬೇಯಿಸಿದಳು. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ಅವಳಿಗೆ ಸಂತೋಷವಾಯಿತು.

ಆಸ್ಪತ್ರೆಯಲ್ಲಿ, ಗೋಡೆಗೆ ಕಟ್ಟಿದ ಪರಂಚಿಯ ಅಟ್ಟಣೆಯಿಂದ ಬಿದ್ದೆ ಎಂದು ಮಾಂತೇಶನೇ ಹೇಳಿಕೊಂಡ. ಹೆಂಡತಿ ಹೊಡೆದಳು ಎನ್ನಲು ಬಾಯಿ ಬರಬೇಕಲ್ಲ. ಮಣಿಕಟ್ಟು ಸೊಟ್ಟವಾಗಿ ಕೂಡಿಕೊಂಡಿತು. ಗಿಲಾವು ಹಾಕುವ ಕರಣಿ ಹಿಡಿದರೆ ಜಾರುತ್ತಿತ್ತು. ಕೆಲಸವಿಲ್ಲ, ಬಟವಾಡೆಯಿಲ್ಲ, ಕುಡಿತವೂ ಇಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು ಅವಳನ್ನು ದಿಟ್ಟಿಸುತ್ತಿದ್ದ, ಅಷ್ಟೇ. ಫೆಬ್ರುವರಿ ಹೋಯಿತು, ಮೇ ಹೋಯಿತು. ನಂದಾಳ ಕೆನ್ನೆಯ ಊತವೆಲ್ಲ ಇಳಿದು, ಹುಬ್ಬಿನ ಗುಬುಟು ಕರಗಿ, ಕಣ್ಣಿನ ಕೆಳಗಿನ ಕಪ್ಪು ತೊಳೆದುಹೋಗಿ, ಮದುವೆಯ ಮುಂಚಿನ ಮುಖ ನಿಧಾನವಾಗಿ ಮೇಲೆ ಬಂತು. ಐದು ತಿಂಗಳಲ್ಲಿ ಅವಳು ಒಂದು ದಿನವೂ ರಜೆ ಹಾಕಲಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಅಸೈನ್‌ಮೆಂಟುಗಳನ್ನೆಲ್ಲ ಕಳಿಸಿಯಾಗಿತ್ತು. ಉಳಿದದ್ದು ಒಂದೇ ಪತ್ರಿಕೆ, ಕಾರ್ಮಿಕ ಕಾನೂನು. ಹಳೆಯ ಸೂಪರ್‌ವೈಸರ್ ಜುಲೈಗೆ ಹೋಗುವವರಿದ್ದರು. ಇದು ತಪ್ಪಿದರೆ ಆ ಜಾಗಕ್ಕೆ ಹೊರಗಿನಿಂದ ಯಾರೋ ಬಂದು ಕೂರುತ್ತಿದ್ದರು.

ಜೂನಿನ ಆ ಭಾನುವಾರ ಮಳೆ ಇತ್ತು. ಹತ್ತು ಗಂಟೆಗೆ ಪರೀಕ್ಷೆ, ಹತ್ತೂಕಾಲಿಗೆ ಪ್ರವೇಶ ಬಂದ್. ನಂದಾ ಒಂಬತ್ತೂವರೆಗೇ ತಲೆ ಬಾಚಿ, ಕುಂಕುಮ ಇಟ್ಟುಕೊಂಡು, ಮೊಬೈಲನ್ನು ಡಬ್ಬಿಗೆ ಆನಿಸಿ ಕೂತಳು. ಮುಖ ಹಿಡಿದಳು. ಗೆರೆಗಳು ಅವಳ ಮುಖದ ಸುತ್ತ ಓಡಾಡಿ ಕೆಂಪಾದವು. ಹೊಂದುತ್ತಿಲ್ಲ. ಬೆಳಕು ಸಾಲದೇನೋ ಎಂದುಕೊಂಡು ಬಲ್ಬು ಹಾಕಿ, ಮುಖ ತೊಳೆದು, ಕುಂಕುಮ ಒರೆಸಿ ಮತ್ತೆ ಹಿಡಿದಳು. ಹೊಂದುತ್ತಿಲ್ಲ. ಉಳಿದದ್ದು ಒಂದೇ ಸಲ.

ಸಹಾಯವಾಣಿಗೆ ಫೋನ್ ಹಚ್ಚಿದಳು. ಸಂಗೀತ ಮುಗಿದು ಒಬ್ಬಳು ಹುಡುಗಿ ಹಿಂದಿಯಲ್ಲಿ ಮಾತಾಡಿದಳು, ಬಹಳ ಮರ್ಯಾದೆಯಿಂದಲೇ. ದಾಖಲೆಯಲ್ಲಿರುವ ಮುಖ ಬೇರೆ, ನೀವು ತೋರಿಸುವ ಮುಖ ಬೇರೆ ಮೇಡಂ. ನಂದಾ ಇದೇ ನನ್ನ ಮುಖ ಎಂದಳು, ಕಾರ್ಖಾನೆಯ ಗುರುತಿನ ಚೀಟಿ ತೋರಿಸುತ್ತೇನೆ ಎಂದಳು. ಅದು ನಡೆಯುವುದಿಲ್ಲ, ಫೋಟೋ ಬದಲಿಸಲು ಅರ್ಜಿ ಹಾಕಿ, ಇಪ್ಪತ್ತೊಂದು ದಿನ ಹಿಡಿಯುತ್ತದೆ. ಬೇಕಿದ್ದರೆ ದಾಖಲೆಯಲ್ಲಿರುವ ಫೋಟೋ ಕಳಿಸುತ್ತೇನೆ, ನೀವೇ ನೋಡಿ ಎಂದು ಹುಡುಗಿ ಕಳಿಸಿದಳು. ನಂದಾ ನೋಡಿದಳು. ಹಾಲ್ ಟಿಕೆಟ್ಟಿನ ಮೇಲೆ ಅಂಚೆ ಚೀಟಿಯಷ್ಟಿದ್ದ ಫೋಟೋ ಈಗ ಪರದೆಯ ತುಂಬ ಬಂತು. ಮುಚ್ಚಿದ ಎಡಗಣ್ಣು, ಕಿವಿಯವರೆಗೆ ಊದಿದ ಕೆನ್ನೆ, ಬಾಯಿಯನ್ನೇ ಒಂದು ಕಡೆಗೆ ಎಳೆದ ತುಟಿ. ಅವಳಿಗೆ ಎಲ್ಲ ಒಮ್ಮೆಗೇ ತಿಳಿಯಿತು. ಮೂರು ವರ್ಷ ಓದಿದವಳು ಇವಳಂತೆ, ಡಿಗ್ರಿ ಬೇಕಾದರೆ ಇವಳೇ ಬರಬೇಕಂತೆ.

ಐದು ಕಮ್ಮಿ ಹತ್ತು. ಅವಳು ಮೊಬೈಲು ಹಿಡಿದು ಹಿತ್ತಲಿಗೆ ಹೋದಳು. ಮಾಂತೇಶ ತಗಡಿನ ಕೆಳಗೆ ಕಟ್ಟೆಯ ಮೇಲೆ ಕೂತಿದ್ದ. ಮದುವೆಯಾದಾಗಿನಿಂದ ರೀ ಹಚ್ಚಿಯೇ ಮಾತಾಡಿದವಳು ಇವತ್ತು ಅದನ್ನು ಹಚ್ಚಲಿಲ್ಲ.

“ಎಡಗಡಿ ಹೊಡಿ,” ಎಂದಳು. “ಮೊದಲ ಹೊಡಿತಿದ್ದೆಲ್ಲ, ಹಂಗ ಹೊಡಿ. ಲಗೂನ.”

“ಹುಚ್ಚ ಹಿಡದೈತೇನ ನಿನಗ?”

ಅವಳು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಅವನು ಕಣ್ಣು ಸಣ್ಣದು ಮಾಡಿ ನೋಡಿದ. ಹತ್ತಿರ ಹಿಡಿದು ನೋಡಿದ.

“ಯಾರಕಿ ಇಕಿ?”

“ನಿನ್ನ ಕೈಕೆಲಸ. ಗುರ್ತ ಸಿಗಲಿಲ್ಲೇನ?”

ಖರೆ ಹೇಳಬೇಕೆಂದರೆ ಅವನಿಗೆ ಗುರುತು ಸಿಕ್ಕಿರಲಿಲ್ಲ. ಹೊಡೆದವನು ಯಾವತ್ತಾದರೂ ಮರುದಿನ ಬೆಳಿಗ್ಗೆ ಆ ಮುಖ ನೋಡಿದ್ದರೆ ತಾನೆ? ಅವನು ಮಲಗಿರುತ್ತಿದ್ದ. ಈಗ ಗುರುತು ಹತ್ತಿ ಮೊಬೈಲಿನಿಂದ ಮುಖ ತಿರುಗಿಸಿದ. ನಂದಾ ಹೇಳಬೇಕಾದ್ದನ್ನು ಎರಡೇ ಮಾತಿನಲ್ಲಿ ಹೇಳಿ, ಎಡಗೆನ್ನೆ ಮುಂದೆ ಮಾಡಿ ನಿಂತಳು. ಅವನು ಎದ್ದ. ಸೊಟ್ಟ ಕೈಯನ್ನು ಎತ್ತಿದ. ಎತ್ತಿದ ಕೈ ಹಾಗೇ ಕೆಳಗೆ ಬಂತು. ಬೇಡ ಬೇಡ ಎಂದು ಕೈಕಾಲು ಹಿಡಿದಾಗ ಒಂದು ಸಲವೂ ತಪ್ಪದ ಕೈ, ಹೊಡಿ ಎಂದು ಕೇಳಿದಾಗ ಬರಲಿಲ್ಲ. ತೂ ನಿನ್ನ ಗಂಡಸುತನಕ್ಕೆ! ಅವನಿಗೆ ಬೇಕಾಗಿದ್ದದ್ದು ಅವಳ ಅಂಜಿಕೆ. ಅಂಜಿಕೆಯೇ ಇಲ್ಲದ ಕೆನ್ನೆಯ ಮೇಲೆ ಕೈ ಇಡಲು ಅವನಿಗೆ ಬರುತ್ತಿರಲಿಲ್ಲ.

ನಂದಾ ಒಳಗೆ ಬಂದು ಲಟ್ಟಣಿಗೆ ತೆಗೆದುಕೊಂಡಳು. ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡಳು. ಕೆಂಪಾಯಿತು, ಅಷ್ಟೇ. ತನ್ನ ಕೈ ತನ್ನ ಮೇಲೆ ಬೀಳುವಾಗ ಕೊನೆಯ ಗಳಿಗೆಯಲ್ಲಿ ಮೆತ್ತಗಾಗಿಬಿಡುತ್ತದೆ. ಸದ್ದು ಕೇಳಿ ಬಾಗಿಲಿಗೆ ಬಂದ ದಸ್ತಗೀರಬಿ, ಏನ ಮಾಡಾಕತ್ತಿ ಮಗಳ, ಎಂದು ಕೂಗಿದಳು. ನಂದಾ ಲಟ್ಟಣಿಗೆಯನ್ನು ಚಾಪೆಯ ಮೇಲೆ ಬಿಸಾಕಿದಳು. ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ಮತ್ತಿ ಮರದ್ದು, ಮೂಲೆ ಚೂಪು. ಕಣ್ಣು ಮುಚ್ಚಿ ಹುಬ್ಬನ್ನು ಅದಕ್ಕೆ ಅಪ್ಪಳಿಸಿದಳು. ಕಿವಿಯಲ್ಲಿ ಗುಂಯ್ ಎಂದಿತು. ಎರಡನೆಯದು ಕೆನ್ನೆಯ ಎಲುಬಿಗೆ. ಕಾಲು ಕುಸಿದವು, ಚೌಕಟ್ಟು ಬಿಡಲಿಲ್ಲ. ಮುದುಕಿ ಹಿಂದಿನಿಂದ ಸೊಂಟ ತಬ್ಬಿ ಎಳೆಯುತ್ತಿದ್ದಳು, ಬ್ಯಾಡವ್ವಾ ಬ್ಯಾಡವ್ವಾ ಎಂದು ಅಳುತ್ತಿದ್ದಳು. ನಂದಾ ಮೊಣಕೈಯಿಂದ ಅವಳನ್ನು ದೂಡಿ ಮೂರನೆಯದನ್ನು ತುಟಿಗೆ ಕೊಟ್ಟುಕೊಂಡಳು. ಒಂದು ಹಲ್ಲು ಅಲುಗಾಡಿ ಬಾಯಿ ತುಂಬ ರಕ್ತ ಬಂತು. ಅದನ್ನು ಉಗುಳಿ, ಕನ್ನಡಿ ನೋಡಿ, ಫೋಟೋ ನೋಡಿ, ಹುಬ್ಬು ಇನ್ನೂ ಸಾಲದು ಎನ್ನಿಸಿ ನಾಲ್ಕನೆಯದನ್ನೂ ಕೊಟ್ಟುಕೊಂಡಳು. ಮಾಂತೇಶ ಹಿತ್ತಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಊದಲು ಹೊತ್ತು ಬೇಕು. ಅವಳು ಮೊಬೈಲಿನ ಮುಂದೆ ಕೂತು ಕಾದಳು. ಎಡಗಣ್ಣಿನ ರೆಪ್ಪೆ ದಪ್ಪವಾಗುತ್ತ ಕೆಳಗಿಳಿಯುವುದು ಅವಳಿಗೇ ತಿಳಿಯುತ್ತಿತ್ತು. ದಸ್ತಗೀರಬಿ ಒದ್ದೆ ಬಟ್ಟೆ ತಂದರೆ ಬೇಡವೆಂದು ಕೈ ಆಡಿಸಿದಳು. ಹತ್ತು ಗಂಟೆ ಹದಿಮೂರು ನಿಮಿಷ. ಮಾಂತೇಶ ಒಳಗೆ ಕಾಲಿಡಲು ಬಂದ.

“ಅಲ್ಲೇ ನಿಂದ್ರು,” ಎಂದಳು. “ನಿನ್ನ ಮಾರಿ ಇದರಾಗ ಕಾಣಬಾರದು.”

ಮೂರನೆಯ ಸಲ ಮುಖ ಹಿಡಿದಳು. ಗೆರೆಗಳು ಓಡಾಡಿದವು, ತಡೆದವು, ಹಸಿರಾದವು. ಸ್ವಾಗತ ನಂದಾ ಎಂದು ಪರದೆಯ ಮೇಲೆ ಬಂತು.

ಎರಡು ಗಂಟೆ ಬರೆದಳು. ಕ್ಯಾಮೆರಾದಿಂದ ಮುಖ ತಿರುಗಿಸುವಂತಿಲ್ಲ, ಹೀಗಾಗಿ ಬಾಯಲ್ಲಿ ತುಂಬಿದ ರಕ್ತವನ್ನು ನುಂಗುತ್ತ ಬರೆದಳು. ಕೆಲಸದ ವೇಳೆಯಲ್ಲಿ ಆದ ಗಾಯ ಎಂದರೇನು, ಅದಕ್ಕೆ ಯಾರು ಹೊಣೆ, ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆ ಇತ್ತು. ಪುಸ್ತಕದಲ್ಲಿ ಏನಿತ್ತೋ ಅಷ್ಟನ್ನೇ ಬರೆದಳು, ಒಂದು ಸಾಲು ಹೆಚ್ಚಿಲ್ಲ. ಸಲ್ಲಿಸಿ ಆಯಿತು ಎಂಬುದು ಬಂದ ಮೇಲೆ ಪಕ್ಕಕ್ಕೆ ವಾಲಿದಳು. ದಸ್ತಗೀರಬಿ ಹಿಡಿದುಕೊಂಡಳು. ಆ ಸಲ ಕಾವು ಕೊಡುವಾಗ ಮುದುಕಿಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ, ಬರೀ ಅತ್ತಳು.

ಸಂಜೆ ಮಾಂತೇಶ ಬಂದು ದೂರದಲ್ಲಿ ನಿಂತ. ಅವನ ಮನಸ್ಸಿನಲ್ಲಿ ಇದ್ದ ಚಿಂತೆ ಏನು ಗೊತ್ತೇ? ಕೇಳಿದರೆ ಮೈ ಉರಿಯುತ್ತದೆ.

“ಓಣಿ ಮಂದಿ ನಾನ ಹೊಡದೇನಿ ಅಂತಾರ,” ಎಂದ. “ಇವತ್ತ ನಾ ಕೈ ಹಚ್ಚಿಲ್ಲ. ನೀನ ಹೇಳಬೇಕ ಮತ್ತ.”

ನಂದಾ ಉಪ್ಪಿನ ಗಂಟನ್ನು ಕೆನ್ನೆಯಿಂದ ತೆಗೆದಳು.

“ಅನ್ಲಿ ಬಿಡು. ನಾ ಬರೇ ಝೆರಾಕ್ಸ್ ತಗದೇನಿ. ಅಸಲು ನಿಂದ.”

ಅವನ ಬಟ್ಟೆಯ ಚೀಲವನ್ನು ಅವಳು ಆಗಲೇ ಕಟ್ಟಿ ಬಾಗಿಲ ಹೊರಗೆ ಇಟ್ಟಿದ್ದಳು. ಖೋಲಿ ನನ್ನ ಗುತ್ತಿಗೆದಾರನದು ಎಂದು ಅವನು ಗೊಣಗಿದ. ಲಟ್ಟಣಿಗೆ ಇನ್ನೂ ಚಾಪೆಯ ಮೇಲೆಯೇ ಬಿದ್ದಿತ್ತು. ಅವಳು ಅದರ ಕಡೆ ನೋಡಿದಳು, ಅಷ್ಟೇ. ಅವನು ಚೀಲ ಎತ್ತಿಕೊಂಡು ಚಿಂಬಲ್‌ನಲ್ಲಿದ್ದ ತನ್ನ ಅಣ್ಣನ ಮನೆಗೆ ಹೋಗುವ ಬಸ್ಸು ಹಿಡಿದ.

ಮರುದಿನ ಸೋಮವಾರ. ನಂದಾ ರಜೆ ಹಾಕಲಿಲ್ಲ. ಮುಚ್ಚಿದ ಕಣ್ಣು ಹಾಗೇ ಇಟ್ಟುಕೊಂಡು ಕಂಪನಿಯ ಬಸ್ಸು ಹತ್ತಿದಳು. ಹೆಂಗಸರು ನೋಡಿ ಮುಖ ತಿರುಗಿಸಿದರು, ಒಬ್ಬಿಬ್ಬರು ಏನಾಯಿತು ಎಂದೂ ಕೇಳಿದರು. ಪರೀಕ್ಷೆ ಇತ್ತು ಎಂದಳು. ಮಾಸ್ಕು ಹಾಕಿಕೊಂಡು ಲೈನಿನ ಮುಂದೆ ನಿಂತು, ಎಂದಿನಂತೆ ಬೆರಳಿನಿಂದ ಖಾಲಿ ಮನೆಗಳನ್ನು ಹುಡುಕಿದಳು.

ಜುಲೈಯಲ್ಲಿ ಫಲಿತಾಂಶ ಬಂತು, ಪಾಸಾಗಿದ್ದಳು. ಆಗಸ್ಟಿನ ಮೊದಲ ವಾರ ಸೂಪರ್‌ವೈಸರ್ ಕೆಲಸದ ಜೊತೆಗೆ ಕ್ವಾರ್ಟರ್ಸಿನ ಕೀಲಿ ಕೈಗೆ ಬಂತು. ಒಳಗೆ ಹೋದವಳು ಮೊದಲು ಚಿಲಕ ಹಾಕಿ ನೋಡಿದಳು. ಗಟ್ಟಿಯಾಗಿತ್ತು. ಪ್ರಮಾಣಪತ್ರ ಅಂಚೆಯಲ್ಲಿ ಬಂದಾಗ ಮೂಲೆಯಲ್ಲಿ ಆ ಫೋಟೋವೇ ಇತ್ತು. ಮ್ಯಾನೇಜರು ಅದನ್ನು ನೋಡಿ, ಅವಳನ್ನು ನೋಡಿ, ಏನೂ ಕೇಳದೆ ಅದರ ಪ್ರತಿಗೆ ಸಹಿ ಮಾಡಿ ಕಡತಕ್ಕೆ ಸೇರಿಸಿದರು.

ಆಮೇಲೆ ಒಂದು ಬುಧವಾರ, ಮುಖದ ಮೇಲೆ ಒಂದು ಕಲೆಯೂ ಇಲ್ಲದ ದಿನ, ನಂದಾ ರಜೆ ಹಾಕಿದಳು. ಕಾರ್ಖಾನೆ ಸೇರಿದ ಎಂಟು ವರ್ಷದಲ್ಲಿ ಅಂಥ ರಜೆ ಅದೇ ಮೊದಲನೆಯದು. ತಿಸ್ಕಕ್ಕೆ ಹೋಗಿ ಮುಜಮ್ಮಿಲನ ಅಂಗಡಿಯ ಸ್ಟೂಲಿನ ಮೇಲೆ ಕೂತು ಸೆರಗು ಹಿಂದಕ್ಕೆ ಹಾಕಿದಳು. ಅವನು ಕ್ಯಾಮೆರಾ ಹಿಡಿದು, ಯಾವದಕ್ಕ ಬೇಕ್ರಿ ಅಕ್ಕಾರ ಫೋಟೋ, ಎಂದು ಕೇಳಿದ.

“ಎಲ್ಲಾದಕ್ಕೂ,” ಎಂದಳು.